ಕಿಕ್ ಬಿಟ್ಟುಕೊಟ್ಟ ಜಾಗದಲ್ಲಿ ಉರುಳುವ ಬೇಸ್

ಟೆಕ್ನೊ ಮಾಡಲು ಕೂತವರಿಗೆ ಕಿಕ್ ಡ್ರಮ್ ಬೇಗ ಒಲಿಯುತ್ತದೆ. ಒಳ್ಳೆಯ ಸ್ಯಾಂಪಲ್ ಒಂದನ್ನು ಆರಿಸಿ ಬೀಟಿಗೊಂದರಂತೆ ಇಟ್ಟರೆ ಕಾಲು ತಾನಾಗಿ ಕುಣಿಯುತ್ತದೆ. ಕಷ್ಟ ಶುರುವಾಗುವುದು ಬೇಸ್ ಸೇರಿಸಿದಾಗ. ಎರಡೂ ಕಲಸಿಹೋಗಿ ಗುಂಯ್ ಎನ್ನುತ್ತವೆ, ಇಲ್ಲವೇ ಬೇಸ್ ಒಂದೇ ಸಮನೆ ಬಡಿಯುತ್ತದೆಯೇ ಹೊರತು ಉರುಳುವುದಿಲ್ಲ. ಆಗ ಹೆಚ್ಚಿನವರು ಬೇರೆ ಸಿಂಥ್ ಹುಡುಕುತ್ತಾರೆ, ಬೇರೆ ಪ್ರೀಸೆಟ್ ಹಾಕುತ್ತಾರೆ, ಸ್ವರಗಳನ್ನು ಬದಲಿಸುತ್ತಾರೆ. ತಿದ್ದಬೇಕಾದ ಜಾಗ ಬೇರೆಯದೇ ಇದೆ. ‘ರೋಲಿಂಗ್ ಬೇಸ್’ ಹುಟ್ಟುವುದು ಪ್ರತಿ ಸ್ವರ ಮುಗಿಯುವ ಕಡೆ. ಕಿಕ್ ಎಷ್ಟು ಹೊತ್ತಿಗೆ ಜಾಗ ಬಿಡುತ್ತದೆ, ಬೇಸ್ ಎಷ್ಟು ಹೊತ್ತು ಅಲ್ಲಿ ನಿಲ್ಲುತ್ತದೆ, ಮುಂದಿನ ಕಿಕ್ ಬರುವ ಮೊದಲು ಎಷ್ಟು ಚೂರು ಮೌನ ಉಳಿಯುತ್ತದೆ, ಈ ಮೂರನ್ನು ಹಿಡಿತಕ್ಕೆ ತಂದುಕೊಂಡರೆ ಅತಿ ಸಾದಾ ಸಿಂಥ್‌ನಿಂದಲೂ ಉರುಳುವ ಬೇಸ್ ತೆಗೆಯಬಹುದು.

ಸಾಫ್ಟ್‌ವೇರ್ ತೆರೆದು ವೇಗವನ್ನು ನಿಮಿಷಕ್ಕೆ 130 ಬೀಟ್‌ಗೆ ಇಡಿ. ಒಂದು ಬೀಟಿಗೆ ಸುಮಾರು 461 ಮಿಲಿಸೆಕೆಂಡ್ ಸಿಗುತ್ತದೆ. ಅದನ್ನು ನಾಲ್ಕು ಪಾಲು ಮಾಡಿದರೆ ಒಂದೊಂದು ಸ್ಟೆಪ್ಪಿಗೆ 115. ಕರ್ನಾಟಕ ಸಂಗೀತ ಕಲಿತವರಿಗೆ ಇದು ಚತುರಶ್ರ ನಡೆಯ ಲೆಕ್ಕವೇ. ಬೀಟಿಗೊಮ್ಮೆ ‘ತಕಧಿಮಿ’ ಎಂದು ಬಾಯಲ್ಲಿ ಹೇಳಿಕೊಳ್ಳಿ. ‘ತ’ ಕಿಕ್‌ನ ಪಾಲು. ‘ಕ’, ‘ಧಿ’, ‘ಮಿ’ ಮೂರೂ ಬೇಸ್‌ನವು. ನಾಲ್ಕು ಬೀಟಿನ ಒಂದು ಬಾರ್‌ನ 16 ಸ್ಟೆಪ್‌ಗಳಲ್ಲಿ ಬೇಸ್‌ಗೆ 12. ಆದಿತಾಳದ ಒಂದು ಆವರ್ತಕ್ಕೆ ಇಲ್ಲಿ ಎರಡು ಬಾರ್ ಆಗುತ್ತವೆ. ಕೈಯಲ್ಲಿ ತಾಳ ಹಾಕಿಕೊಂಡೇ ಲೂಪ್ ಕಟ್ಟಬಹುದು. ಮೌಸ್ ಮುಟ್ಟುವ ಮೊದಲು ಬೇಸ್‌ಲೈನ್ ಬಾಯಲ್ಲಿ ಉರುಳಬೇಕು. ಅಲ್ಲಿ ಉರುಳದ್ದನ್ನು ಸ್ಪೀಕರ್‌ನಲ್ಲಿ ಉರುಳಿಸುವುದು ಕಷ್ಟ.

ಈ ಬಗೆಯ ಬೇಸ್‌ಗೆ ಹಿರಿಯ ಮೂಲವೆಂದರೆ 1977ರ ‘ಐ ಫೀಲ್ ಲವ್’. ಡೊನಾ ಸಮರ್ ಹಾಡಿದ, ಜಾರ್ಜಿಯೊ ಮೊರೊಡರ್ ಮತ್ತು ಪೀಟ್ ಬೆಲೊಟ್ ಮ್ಯೂನಿಕ್‌ನಲ್ಲಿ ನಿರ್ಮಿಸಿದ ಆ ಹಾಡಿನ ಬೇಸ್ ಹುಟ್ಟಿದ್ದು ಮೂಗ್ ಮಾಡ್ಯುಲರ್ ಸಿಂಥಸೈಸರ್‌ನಲ್ಲಿ. ನುಡಿಸಿದ ಸ್ವರಗಳನ್ನು ಒಂದು ಬದಿಯಲ್ಲಿಟ್ಟು, ಅವುಗಳ ತಡವಾದ ಪ್ರತಿಧ್ವನಿಯನ್ನು ಇನ್ನೊಂದು ಬದಿಯಲ್ಲಿಟ್ಟರು. ಸ್ವರಗಳ ಸಂಖ್ಯೆ ಇಮ್ಮಡಿಯಾದಂತೆ ಕೇಳಿಸಿತು, ಬೇಸ್ ಓಡತೊಡಗಿತು. ಉರುಳಾಟ ಬಂದದ್ದು ಪ್ರತಿಧ್ವನಿ ಮೂಲ ಸ್ವರಕ್ಕಿಂತ ತುಸು ಬೇರೆಯಾಗಿ ಕೇಳಿಸಿದ್ದರಿಂದ ಎನ್ನುವುದನ್ನು ಗಮನಿಸಿ. ಎಲ್ಲ ಸ್ವರಗಳೂ ಒಂದೇ ಅಚ್ಚಿನಲ್ಲಿ ಬಂದಿದ್ದರೆ ಅದು ಹೊಲಿಗೆ ಯಂತ್ರದ ಸದ್ದಾಗುತ್ತಿತ್ತು. ಮುಂದೆ 80ರ ದಶಕದಲ್ಲಿ ಡೆಟ್ರಾಯ್ಟ್ ಬಳಿಯ ಬೆಲ್‌ವಿಲ್‌ನಲ್ಲಿ ಒಟ್ಟಿಗೆ ಓದಿದ ಕಪ್ಪು ಯುವಕರಾದ ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಈ ಯಂತ್ರಭಾಷೆಯನ್ನು ಟೆಕ್ನೊ ಮಾಡಿದರು. 1991ರಲ್ಲಿ ಟ್ರೆಸರ್ ಕ್ಲಬ್ ತೆರೆದ ಬರ್ಲಿನ್ ಅದನ್ನು ತನ್ನದಾಗಿಸಿಕೊಂಡಿತು.

ಮೊದಲು ಕಿಕ್ಕನ್ನು ಕತ್ತರಿಸಿ

ಬೇಸ್ ಬರೆಯುವ ಮೊದಲು ಕಿಕ್‌ನ ಅಲೆಯನ್ನು ಪರದೆಯ ಮೇಲೆ ದೊಡ್ಡದಾಗಿ ನೋಡಿ. ಕಿಕ್ ಎಂದರೆ ಮೇಲಿನ ಆವರ್ತನದಿಂದ ಸರ್ರನೆ 50 ಹರ್ಟ್ಸ್ ಆಸುಪಾಸಿಗೆ ಜಾರುವ ಒಂದು ಸ್ವರ. ಅದರ ಬಾಲ 250 ಮಿಲಿಸೆಕೆಂಡ್‌ವರೆಗೆ ಎಳೆಯುತ್ತಿದ್ದರೆ ‘ಕ’ವನ್ನು ಪೂರ್ತಿಯಾಗಿ, ‘ಧಿ’ಯ ಆರಂಭವನ್ನೂ ಅದೇ ನುಂಗಿಹಾಕಿರುತ್ತದೆ. ಅಲ್ಲಿ ಯಾವ ಬೇಸ್ ಇಟ್ಟರೂ ಕಲಸುಮೇಲೋಗರವೇ. ಸ್ಯಾಂಪ್ಲರ್‌ನಲ್ಲಿ ಡಿಕೇಯನ್ನು ಕಡಿಮೆ ಮಾಡುತ್ತ ಬನ್ನಿ. ಬಾಲ ಸುಮಾರು 120 ಮಿಲಿಸೆಕೆಂಡ್‌ಗೆ ಅಡಗಬೇಕು. ಕಿಕ್ ಒಂಟಿಯಾಗಿ ಕೇಳಿದಾಗ ಬಡವಾಯಿತು ಅನ್ನಿಸಿದರೆ ಹೆದರಬೇಡಿ. ಅದರ ಉಳಿದ ತೂಕವನ್ನು ಬೇಸ್ ಹೊರಲಿದೆ.

ಉದ್ದನೆಯ ಕಿಕ್ಕೇ ಬೇಕು ಎನ್ನುವವರೂ ಇದ್ದಾರೆ, ಅದೂ ಸರಿಯೇ. ಆಗ ‘ಕ’ವನ್ನು ಬಿಟ್ಟುಬಿಡಿ. ‘ಧಿ’ ಮತ್ತು ‘ಮಿ’ ಮಾತ್ರ ನುಡಿಸುವ ಬೇಸ್ ಹೆಚ್ಚು ಭಾರವಾಗಿ, ಸ್ವಲ್ಪ ಕುಂಟುತ್ತ ಉರುಳುತ್ತದೆ. ಕತ್ತಲೆಯ ಟೆಕ್ನೊಗೆ ಅದು ಚೆನ್ನಾಗಿ ಒಪ್ಪುತ್ತದೆ.

ಕಿಕ್‌ನ ಬಾಲ ಯಾವ ಸ್ವರದಲ್ಲಿ ನಿಲ್ಲುತ್ತದೆ ಎಂದು ಸ್ಪೆಕ್ಟ್ರಮ್ ಅನಲೈಜರ್‌ನಲ್ಲಿ ನೋಡಿಕೊಳ್ಳಿ. ವಾಕ್ಸೆಂಗೊ ಕಂಪನಿಯ ಸ್ಪ್ಯಾನ್ ಉಚಿತವಾಗಿ ಸಿಗುತ್ತದೆ. ಎಫ್ ಸ್ವರ 43.7 ಹರ್ಟ್ಸ್, ಜಿ 49, ಎ 55. ಟೆಕ್ನೊ ಹಾಡುಗಳ ಬುಡ ಹೆಚ್ಚಾಗಿ ಈ ಸಣ್ಣ ಪಟ್ಟಿಯೊಳಗೆ ಇರುತ್ತದೆ. ಇದಕ್ಕಿಂತ ಕೆಳಗಿಳಿದರೆ ಸಾಧಾರಣ ಸ್ಪೀಕರ್ ಮೂಕವಾಗುತ್ತದೆ, ಬಹಳ ಮೇಲೇರಿದರೆ ತೂಕ ಹೋಗುತ್ತದೆ. ಕಿಕ್‌ಗೂ ಬೇಸ್‌ಗೂ ಒಂದೇ ಷಡ್ಜ ಕೊಡುವುದು ಸುರಕ್ಷಿತ ದಾರಿ.

115 ಮಿಲಿಸೆಕೆಂಡ್‌ನೊಳಗಿನ ಲೋಕ

ಇಡೀ ಕೆಲಸದ ಗುಟ್ಟು ಒಂದು ಸಣ್ಣ ಲೆಕ್ಕದಲ್ಲಿದೆ. 49 ಹರ್ಟ್ಸ್‌ನ ಜಿ ಸ್ವರದ ಒಂದು ಕಂಪನಕ್ಕೆ 20 ಮಿಲಿಸೆಕೆಂಡ್‌ಗಿಂತ ತುಸು ಹೆಚ್ಚು ಬೇಕು. ಒಂದು ಸ್ಟೆಪ್ಪಿನ 115 ಮಿಲಿಸೆಕೆಂಡ್‌ನಲ್ಲಿ ಐದೂವರೆ ಕಂಪನ ಹಿಡಿಸಿದರೆ ಹೆಚ್ಚು. ಅಂದರೆ ನಿಮ್ಮ ಬೇಸ್‌ನ ಪ್ರತಿ ಸ್ವರವೂ ಬೆರಳೆಣಿಕೆಯ ಅಲೆಗಳ ಗುಚ್ಛ. ಅದರಲ್ಲಿ ಒಂದು ಅಲೆ ಹೆಚ್ಚಾದರೂ ಕಡಿಮೆಯಾದರೂ ಕಿವಿಗೆ ಗೊತ್ತಾಗುತ್ತದೆ. ಪಿಟೀಲಿನ ಸ್ವರಕ್ಕೆ 20 ಮಿಲಿಸೆಕೆಂಡ್ ಲೆಕ್ಕಕ್ಕಿಲ್ಲ. ಇಲ್ಲಿ ಅದು ಇಡೀ ಸ್ಟೆಪ್ಪಿನ ಸುಮಾರು ಆರನೇ ಒಂದು ಭಾಗ.

ಇದರಿಂದ ತಕ್ಷಣ ಹೊಳೆಯುವುದು, ಸ್ವರ ಪ್ರತಿ ಸಲವೂ ಅಲೆಯ ಒಂದೇ ಬಿಂದುವಿನಿಂದ ಆರಂಭವಾಗಬೇಕು ಎನ್ನುವುದು. ಅನಲಾಗ್ ಸಿಂಥ್‌ಗಳಲ್ಲಿ ಆಸಿಲೇಟರ್ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಸ್ವರ ಒತ್ತಿದಾಗ ಅಲೆ ಎಲ್ಲಿದೆಯೋ ಅಲ್ಲಿಂದ ಬಾಗಿಲು ತೆರೆಯುತ್ತದೆ. ಮೇಲಿನ ಸ್ಥಾಯಿಯಲ್ಲಿ ಇದು ಜೀವಂತಿಕೆ ತರುತ್ತದೆ. ಮಂದ್ರದಲ್ಲಿ ಹೀಗಾದರೆ ಒಂದು ಸ್ವರ ಗುದ್ದಿದಂತೆ, ಮುಂದಿನದು ಟೊಳ್ಳಾದಂತೆ ಕೇಳಿಸುತ್ತದೆ. ಆದ್ದರಿಂದ ಸಿಂಥ್‌ನಲ್ಲಿ ಫೇಸ್ ರೀಟ್ರಿಗರ್ ಆನ್ ಮಾಡಿ, ಯಾದೃಚ್ಛಿಕ ಫೇಸ್ ಸೊನ್ನೆಗೆ ಇಳಿಸಿ. ವೈಟಲ್, ಸರ್ಜ್ ಎಕ್ಸ್‌ಟಿಯಂಥ ಉಚಿತ ಸಿಂಥ್‌ಗಳಲ್ಲೂ ಈ ಸೌಲಭ್ಯ ಇದೆ. ಉರುಳದ ಬೇಸ್‌ಲೈನ್‌ಗಳಲ್ಲಿ ಎಷ್ಟೋ ಈ ಒಂದು ಗುಂಡಿಯಿಂದ ಸರಿಹೋಗುತ್ತವೆ.

ಸ್ವರದ ಕಟ್ಟಡ ಸರಳವಾಗಿರಲಿ. ಒಂದೇ ಆಸಿಲೇಟರ್, ಗರಗಸದ ಹಲ್ಲಿನಾಕಾರದ ಸಾ (saw) ಅಲೆ, ಒಂದೇ ವಾಯ್ಸ್, ಯೂನಿಸನ್ ಬೇಡ. ಸಾ ಅಲೆಯಲ್ಲಿ ಎಲ್ಲ ಉಪಸ್ವರಗಳೂ ಇರುತ್ತವೆ, ಹಾಗಾಗಿ ಫಿಲ್ಟರ್‌ಗೆ ಕೊರೆಯಲು ಸಾಮಗ್ರಿ ಧಾರಾಳ. ಸ್ಕ್ವೇರ್ ಅಲೆಯಲ್ಲಿ ಬೆಸ ಸಂಖ್ಯೆಯವು ಮಾತ್ರ; ಅದರ ಟೊಳ್ಳು ನಾದ ಬೇಕಾದಾಗ ಅದನ್ನು ಬಳಸಿ. 24 ಡೆಸಿಬೆಲ್‌ನ ಲೋ-ಪಾಸ್ ಫಿಲ್ಟರ್ ಹಾಕಿ, ಕಟಾಫ್ 150 ಹರ್ಟ್ಸ್ ಸುತ್ತ ಇಡಿ. ಫಿಲ್ಟರ್ ಎನ್ವಲಪ್ ಅದನ್ನು ಒಂದು ಕ್ಷಣ 500–600ಕ್ಕೆ ಎತ್ತಿ 60–80 ಮಿಲಿಸೆಕೆಂಡ್‌ನಲ್ಲಿ ಮತ್ತೆ ಇಳಿಸಲಿ. ಧ್ವನಿಯ ಎನ್ವಲಪ್‌ನಲ್ಲಿ ಅಟ್ಯಾಕ್ 2 ಮಿಲಿಸೆಕೆಂಡ್, ಡಿಕೇ 90, ಸಸ್ಟೇನ್ ಬಹಳ ಕಡಿಮೆ, ರಿಲೀಸ್ 15. ಅಟ್ಯಾಕ್ ಪೂರ್ತಿ ಸೊನ್ನೆಯಾದರೆ ಟಿಕ್ ಎಂಬ ಸದ್ದು ಸೇರಿಕೊಳ್ಳಬಹುದು.

ಈ ಅಂಕಿಗಳನ್ನು ಆರಂಭದ ಗುರುತು ಎಂದು ಮಾತ್ರ ತಿಳಿಯಿರಿ. ಲೂಪ್ ಓಡುತ್ತಿರುವಾಗ ಡಿಕೇ ಗುಂಡಿಯೊಂದನ್ನೇ ಹಿಡಿದು ನಿಧಾನವಾಗಿ ತಿರುಗಿಸಿ. ಗಿಡ್ಡವಾದಾಗ ಬೇಸ್ ಕುಕ್ಕುತ್ತದೆ, ಉದ್ದವಾದಾಗ ಸ್ವರಗಳು ಒಂದಕ್ಕೊಂದು ಅಂಟಿ ಗೊಣಗುತ್ತವೆ. ನಡುವೆ ಒಂದು ಕಿರಿದಾದ ಪಟ್ಟಿ ಇದೆ. ಅಲ್ಲಿ ಒಂದು ಸ್ವರದ ಕೊನೆ ಮುಂದಿನದರ ಮೊದಲನ್ನು ಮುಟ್ಟೀ ಮುಟ್ಟದಂತೆ ನಿಂತು ಮೂರೂ ಸೇರಿ ಒಂದೇ ಚಲನೆಯಾಗುತ್ತವೆ. ಉರುಳುವುದು ಎನ್ನುವುದು ಇದನ್ನೇ. ಅಲ್ಲಿಗೆ ಬಂದಾಗ ದೇಹಕ್ಕೆ ಗೊತ್ತಾಗುತ್ತದೆ, ಕತ್ತು ಅಲ್ಲಾಡತೊಡಗುತ್ತದೆ. ಕಣ್ಣು ಮುಚ್ಚಿ ಈ ಪಟ್ಟಿಯನ್ನು ಹುಡುಕುವುದಕ್ಕೆ ಸಮಯ ಕೊಡಿ. ಉಳಿದೆಲ್ಲ ಹಂತಗಳಿಗೂ ಸೇರಿ ಕೊಡುವಷ್ಟು ಸಮಯ ಇದೊಂದಕ್ಕೇ ಕೊಟ್ಟರೂ ನಷ್ಟವಿಲ್ಲ.

ಆಮೇಲೆ ‘ಮಿ’ಯನ್ನು ಮಾತ್ರ ಸ್ವಲ್ಪ ಗಿಡ್ಡ ಮಾಡಿ. ಕಿಕ್ ಬರುವ ಮೊದಲು 10–15 ಮಿಲಿಸೆಕೆಂಡ್ ಖಾಲಿ ಉಳಿದರೆ ಸಾಕು, ಕಿಕ್‌ನ ಧ್ವನಿಮಟ್ಟ ಮುಟ್ಟದೆಯೇ ಅದು ಗಟ್ಟಿಯಾದಂತೆ ಕೇಳಿಸುತ್ತದೆ.

ಒತ್ತು ಎಲ್ಲಿ, ತಡ ಎಷ್ಟು

ಮೂರು ಸ್ವರಗಳಿಗೂ ಒಂದೇ ಬಲ ಕೊಡಬೇಡಿ. ವೆಲಾಸಿಟಿಯನ್ನು ‘ಕ’ಕ್ಕೆ 70, ‘ಧಿ’ಗೆ 90, ‘ಮಿ’ಗೆ 110 ಎಂದು ಏರಿಸಿ ನೋಡಿ, ಬೇಸ್ ಮುಂದಿನ ಕಿಕ್ಕಿನತ್ತ ವಾಲುತ್ತದೆ, ಹಾಡು ಮುನ್ನುಗ್ಗುತ್ತದೆ. ಅದೇ ಒತ್ತನ್ನು ‘ಧಿ’ಗೆ ಕೊಟ್ಟರೆ ನೆಗೆತ ಬರುತ್ತದೆ, ಹೌಸ್ ಸಂಗೀತದ ಗಾಳಿ ಸೇರುತ್ತದೆ. ವೆಲಾಸಿಟಿ ಧ್ವನಿಯನ್ನು ಮಾತ್ರ ಹೆಚ್ಚಿಸಿದರೆ ಸಾಲದು, ಫಿಲ್ಟರ್‌ನ ಕಟಾಫನ್ನೂ ಎತ್ತಬೇಕು. ನಾದದ ಹೊಳಪೂ ಬದಲಾದರೆ ಒತ್ತು ಸ್ಪಷ್ಟವಾಗಿ ಕೇಳಿಸುತ್ತದೆ. ರೋಲ್ಯಾಂಡ್ ಕಂಪನಿಯ ಟಿಬಿ-303 ಯಂತ್ರದ ಆಕ್ಸೆಂಟ್ ಕೂಡ ಹೀಗೆ ಧ್ವನಿ, ಕಟಾಫ್ ಎರಡನ್ನೂ ಎತ್ತುತ್ತದೆ. ಗಿಟಾರ್ ನುಡಿಸುವವರಿಗೆ ಬೇಸ್ ಜತೆ ಕೊಡಲೆಂದು ಬಂದ ಆ ಪೆಟ್ಟಿಗೆ ಆ ಕೆಲಸದಲ್ಲಿ ಸೋತು 1984ರಲ್ಲಿ ನಿಂತುಹೋಯಿತು. 1987ರಲ್ಲಿ ಶಿಕಾಗೊದ ಫ್ಯೂಚರ್ ತಂಡದ ‘ಆಸಿಡ್ ಟ್ರ್ಯಾಕ್ಸ್’ ಅದಕ್ಕೆ ಮರುಜೀವ ಕೊಟ್ಟಿತು.

ಆದರೆ ಅದಕ್ಕೂ ಐದು ವರ್ಷ ಮೊದಲೇ, 1982ರಲ್ಲಿ, ಮುಂಬೈನಲ್ಲಿ ಚರಣ್‌ಜಿತ್ ಸಿಂಗ್ ಇದೇ 303ರ ಜತೆ ಟಿಆರ್-808 ಡ್ರಮ್ ಯಂತ್ರ ಮತ್ತು ಜುಪಿಟರ್-8 ಸಿಂಥ್ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿದ್ದರು. ಆ ರೆಕಾರ್ಡನ್ನು ಹುಡುಕಿ ಕೇಳಿ. ರಾಗದ ಚಲನೆಯ ಅಡಿಯಲ್ಲಿ ಯಂತ್ರದ ಬೇಸ್ ಹೇಗೆ ಎಡೆಬಿಡದೆ ಸಾಗುತ್ತದೆ ಎನ್ನುವುದರಲ್ಲಿ ನಮಗೆ ಕಲಿಯಲು ಬೇಕಾದಷ್ಟಿದೆ.

ಸ್ವರಗಳ ಆಯ್ಕೆಗೂ ರಾಗದ ಭಾಷೆ ನೆರವಾಗುತ್ತದೆ. ಒಂದೇ ಷಡ್ಜದ ಮೇಲೆ ಇಡೀ ಹಾಡು ನಿಂತರೆ ಟೆಕ್ನೊದಲ್ಲಿ ಅದು ಕೊರತೆಯಲ್ಲ. ಬದಲಾವಣೆ ಬೇಕೆನಿಸಿದರೆ ಎರಡು ಬಾರ್‌ಗೊಮ್ಮೆ, ಕೊನೆಯ ‘ಮಿ’ಯಲ್ಲಿ ಶುದ್ಧ ರಿಷಭ ಮುಟ್ಟಿ ಬನ್ನಿ. ಷಡ್ಜದಿಂದ ಅರ್ಧಸ್ವರ ಮೇಲಿನ ಆ ಒತ್ತಡ ಟೆಕ್ನೊದ ಗುರುತುಗಳಲ್ಲಿ ಒಂದು. ಸಾಧಾರಣ ಗಾಂಧಾರ, ಕೈಶಿಕಿ ನಿಷಾದ ಸ್ವಲ್ಪ ಮೆದು. ಅಂತರ ಗಾಂಧಾರ ಹಾಕಿದರೆ ಹಾಡಿನ ಮುಖವೇ ನಗತೊಡಗುತ್ತದೆ, ಬೇಕಿದ್ದರೆ ಮಾತ್ರ ಹಾಕಿ.

ಇನ್ನು ಸ್ವಿಂಗ್. 1980ರಲ್ಲಿ ರಾಜರ್ ಲಿನ್ ತಮ್ಮ ಡ್ರಮ್ ಯಂತ್ರಕ್ಕೆ ತಂದ ಈ ಸೌಲಭ್ಯ ಈಗ ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಇದೆ. ಅದು ಎರಡನೆಯ ಮತ್ತು ನಾಲ್ಕನೆಯ ಸ್ಟೆಪ್‌ಗಳನ್ನು, ಅಂದರೆ ‘ಕ’ ಮತ್ತು ‘ಮಿ’ಯನ್ನು, ಸ್ವಲ್ಪ ತಡಮಾಡುತ್ತದೆ. 130ರ ವೇಗದಲ್ಲಿ ಶೇಕಡಾ 56 ಸ್ವಿಂಗ್ ಎಂದರೆ ಸುಮಾರು 14 ಮಿಲಿಸೆಕೆಂಡ್ ತಡ. ಅಷ್ಟೇ ಸಾಕು, ಗಟ್ಟಿ ಗೆರೆ ಬಳುಕುತ್ತದೆ. 60 ದಾಟಿದರೆ ಕುದುರೆ ನಡೆಯಾಗಿಬಿಡುತ್ತದೆ. ಹೈ-ಹ್ಯಾಟ್‌ಗೂ ಬೇಸ್‌ಗೂ ಒಂದೇ ಸ್ವಿಂಗ್ ಇರಲಿ.

ಲೂಪ್ ಬೇಗ ಹಳಸುತ್ತಿದ್ದರೆ ಸ್ವರಗಳನ್ನು ಹಾಗೇ ಬಿಟ್ಟು ಫಿಲ್ಟರ್‌ಗೆ ಐದು ಸ್ಟೆಪ್‌ನ ಚಲನೆ ಕೊಡಿ. ತಕತಕಿಟ ಎಂಬ ಐದರ ಗುಂಪು 16 ಸ್ಟೆಪ್‌ಗಳ ಮೇಲೆ ಜಾರುತ್ತ ಹೋಗಿ ಐದು ಬಾರ್‌ಗಳ ನಂತರ ಮತ್ತೆ ಸಮಕ್ಕೆ ಬರುತ್ತದೆ. ತಕಿಟದ ಮೂರಾದರೆ ಮೂರು ಬಾರ್, ಏಳಾದರೆ ಏಳು. ಕೇಳುಗರು ಎಣಿಸುವುದಿಲ್ಲ, ಆದರೆ ಬೇಸ್ ನಿಂತ ನೀರಲ್ಲ ಎಂದು ಅವರ ಮೈಗೆ ತಿಳಿಯುತ್ತದೆ.

ಸೈಡ್‌ಚೈನ್, ಮತ್ತು ರಂಬಲ್ ಎಂಬ ಇನ್ನೊಂದು ದಾರಿ

ಸೈಡ್‌ಚೈನ್ ಎಂದರೆ ಕಿಕ್ ಬಿದ್ದಾಗಲೆಲ್ಲ ಬೇಸ್‌ನ ಧ್ವನಿಯನ್ನು ತಾನಾಗಿ ತಗ್ಗಿಸುವ ವ್ಯವಸ್ಥೆ. ಬೇಸ್ ಚಾನಲ್‌ಗೆ ಕಂಪ್ರೆಸರ್ ಹಾಕಿ ಅದಕ್ಕೆ ಕಿಕ್‌ನ ಸಂಕೇತ ಕೊಡಿ. ಅಟ್ಯಾಕ್ ಅತಿ ವೇಗ, ರಿಲೀಸ್ 80ರಿಂದ 100 ಮಿಲಿಸೆಕೆಂಡ್, ತಗ್ಗುವುದು 6ರಿಂದ 10 ಡೆಸಿಬೆಲ್. ‘ಕ’ ಬರುವಷ್ಟರಲ್ಲಿ ಬೇಸ್ ಬಹುಪಾಲು ಮೇಲೆದ್ದಿರಬೇಕು, ‘ಧಿ’ಯಲ್ಲಿ ಪೂರ್ತಿ. ಹೀಗೆ ಏರುವ ಇಳಿಜಾರೂ ಉರುಳಾಟದ ಒಂದು ಭಾಗ. ಆದರೆ ಸ್ವರಗಳ ಉದ್ದ ಸರಿಯಾಗದೆ ಸೈಡ್‌ಚೈನ್ ಒಂದರಿಂದಲೇ ಬೇಸ್ ಉರುಳಿಸಲು ಹೋದರೆ ಉಸಿರುಗಟ್ಟಿದ ಸದ್ದು ಬರುತ್ತದೆ. ಇದು ಕೊನೆಯ ಒಪ್ಪ, ಅಡಿಪಾಯ ಅಲ್ಲ.

ಸಿಂಥ್ ಇಲ್ಲದೆಯೇ ಬೇಸ್ ಮಾಡುವ ದಾರಿಯೂ ಒಂದಿದೆ. ಟೆಕ್ನೊ ಮಂದಿ ಅದನ್ನು ರಂಬಲ್ ಎನ್ನುತ್ತಾರೆ. ಕಿಕ್‌ನ ಒಂದು ಪ್ರತಿ ತೆಗೆದು, ಅದಕ್ಕೆ ಒಂದು ಸ್ಟೆಪ್ ಉದ್ದದ ಡಿಲೇ ಕೊಡಿ. ಒಂದು ಕಿಕ್ ‘ಕ’, ‘ಧಿ’, ‘ಮಿ’ಗಳಲ್ಲಿ ಕ್ಷೀಣಿಸುತ್ತ ಮರುಕಳಿಸುತ್ತದೆ. ಮೂಲ ಸದ್ದು ಪೂರ್ತಿ ಮುಚ್ಚಿದ, ಎರಡು ಸೆಕೆಂಡ್ ಆಸುಪಾಸಿನ ರಿವರ್ಬ್ ಮೂಲಕ ಅದನ್ನು ಹಾಯಿಸಿ. ಸ್ವಲ್ಪ ಡಿಸ್ಟಾರ್ಷನ್ ಕೊಟ್ಟು, 150 ಹರ್ಟ್ಸ್‌ನ ಮೇಲಿನದನ್ನೆಲ್ಲ ಕತ್ತರಿಸಿ, ಮೋನೊ ಮಾಡಿ, ಮೂಲ ಕಿಕ್‌ನಿಂದ ಬಲವಾಗಿ ಸೈಡ್‌ಚೈನ್ ಮಾಡಿ. ದೊಡ್ಡ ಖಾಲಿ ಕಟ್ಟಡದಲ್ಲಿ ಕಿಕ್ ಬಾರಿಸಿದಾಗ ಗೋಡೆಗಳು ಮರಳಿಸುವ ಗುಡುಗು ಅದು. ಹಾಗೆ ಬಂದದ್ದನ್ನು ಆಡಿಯೊ ಆಗಿ ರೆಕಾರ್ಡ್ ಮಾಡಿಕೊಂಡು ಒಂದು ಚೆನ್ನಾದ ಬಾರ್ ಆರಿಸಿ ಲೂಪ್ ಮಾಡಿದರೆ ಹತೋಟಿ ಹೆಚ್ಚು. ರಂಬಲ್ ಮತ್ತು ಸಿಂಥ್ ಬೇಸ್ ಎರಡೂ ಬೇಕೆನ್ನುವವರು ಕೆಳಗಿನ ನೆಲವನ್ನು ಒಂದಕ್ಕೆ ಬರೆದುಕೊಡಬೇಕು. 90 ಹರ್ಟ್ಸ್ ಕೆಳಗೆ ರಂಬಲ್ ಇದ್ದರೆ ಸಿಂಥ್ ಅದರ ಮೇಲೆ ಇರಲಿ.

ಕೋಣೆ ಹೇಳುವ ಸುಳ್ಳು

ನಮ್ಮ ಮನೆಗಳಲ್ಲಿ 10 ಅಡಿಗೆ 12 ಅಡಿಯ ಕೋಣೆ ಬಹಳ ಸಾಮಾನ್ಯ. 12 ಅಡಿಯ ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್ ಅಲೆ ಸಿಕ್ಕಿಬಿದ್ದು ಅನುರಣಿಸುತ್ತದೆ, 10 ಅಡಿಯ ನಡುವೆ ಸುಮಾರು 56. ಎರಡೂ ಟೆಕ್ನೊ ಬೇಸ್‌ನ ನೆಲದಲ್ಲೇ ಬರುತ್ತವೆ. ಗೋಡೆಗೆ ಒರಗಿ ಕೂತರೆ ಆ ಸ್ವರಗಳು ಉಬ್ಬಿ ಕೇಳುತ್ತವೆ, ಕೋಣೆಯ ನಟ್ಟನಡುವೆ ಕೂತರೆ ಅವೇ ಮಾಯ. ಬೇಸ್ ಕೇಳಿಸುತ್ತಿಲ್ಲ ಎಂದು ನೀವು ಏರಿಸುವ ಡೆಸಿಬೆಲ್‌ಗಳು ಹಾಡಿಗಲ್ಲ, ನಿಮ್ಮ ಕುರ್ಚಿಯ ಜಾಗಕ್ಕೆ. ಉದ್ದನೆಯ ದಿಕ್ಕಿನಲ್ಲಿ ಮೂರರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಆಚೆ ಕೂತು, ಹೆಡ್‌ಫೋನ್‌ನಲ್ಲಿ ಪರೀಕ್ಷಿಸಿ. ನಿಮಗೆ ಮೆಚ್ಚುಗೆಯಾದ ಒಂದು ಟೆಕ್ನೊ ಹಾಡನ್ನು ಅದೇ ಪ್ರಾಜೆಕ್ಟಿನೊಳಗೆ ಇಟ್ಟುಕೊಂಡು ಮತ್ತೆ ಮತ್ತೆ ಹೋಲಿಸಿ. ಕೇಳುವ ಧ್ವನಿಮಟ್ಟವನ್ನು ಬದಲಿಸುತ್ತಿರಬೇಡಿ. ಸದ್ದು ತಗ್ಗಿದಷ್ಟೂ ಕಿವಿಗೆ ಮಂದ್ರ ಬೇರೆಲ್ಲಕ್ಕಿಂತ ಬೇಗ ಕಡಿಮೆಯಾಗುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ.

ಫೋನ್‌ನ ಪುಟ್ಟ ಸ್ಪೀಕರ್‌ನಲ್ಲಿ 50 ಹರ್ಟ್ಸ್ ಬರುವುದೇ ಇಲ್ಲ, ಆದರೂ ಒಳ್ಳೆಯ ಬೇಸ್‌ಲೈನ್ ಅಲ್ಲೂ ಕೇಳಿಸುತ್ತದೆ. ಉಪಸ್ವರಗಳು ಸಿಕ್ಕರೆ ಮೂಲ ಸ್ವರವನ್ನು ಮಿದುಳು ತಾನೇ ಊಹಿಸಿಕೊಳ್ಳುತ್ತದೆ. ಇದಕ್ಕಾಗಿ ಬೇಸ್‌ನ ಇನ್ನೊಂದು ಪ್ರತಿ ಮಾಡಿ 200 ಹರ್ಟ್ಸ್ ಕೆಳಗಿನದನ್ನು ತೆಗೆದು, ಅದಕ್ಕೆ ಧಾರಾಳವಾಗಿ ಸ್ಯಾಚುರೇಷನ್ ಕೊಟ್ಟು, ಮೂಲದ ಅಡಿಯಲ್ಲಿ ಸಣ್ಣಗೆ ಬೆರೆಸಿ. ಸ್ಟೀರಿಯೊ ಹರವು ಬೇಕಿದ್ದರೆ ಈ ಪ್ರತಿಗೆ ಮಾತ್ರ. 120 ಹರ್ಟ್ಸ್ ಕೆಳಗೆಲ್ಲ ಮೋನೊ. ವಿನೈಲ್ ರೆಕಾರ್ಡ್‌ನಲ್ಲಿ ಎಡಬಲಕ್ಕೆ ಹರಡಿದ ದೊಡ್ಡ ಬೇಸ್ ಸೂಜಿಯನ್ನೇ ಹಾರಿಸಬಲ್ಲದು, ಕ್ಲಬ್‌ಗಳ ಸಬ್ ವೂಫರ್‌ಗಳೂ ಹೆಚ್ಚಾಗಿ ಮೋನೊದಲ್ಲೇ ನಡೆಯುತ್ತವೆ. 30 ಹರ್ಟ್ಸ್ ಕೆಳಗಿನದನ್ನು ಮೆದುವಾದ ಇಳಿಜಾರಿನಲ್ಲಿ ಕತ್ತರಿಸಿ. ಕಡಿದಾದ ಫಿಲ್ಟರ್ ಅಲೆಗಳ ಫೇಸ್ ಕೆಡಿಸುತ್ತದೆ. ಕೊನೆಗೆ ಬೇಸ್ ಚಾನಲ್‌ನ ಪೊಲಾರಿಟಿಯನ್ನು ತಿರುಗಿಸಿ ಕೇಳಿ. ಯಾವ ಸ್ಥಿತಿಯಲ್ಲಿ ಕೆಳಭಾಗ ತುಂಬಿಕೊಂಡಿದೆಯೋ ಅದನ್ನೇ ಉಳಿಸಿಕೊಳ್ಳಿ.

ಇಷ್ಟಾದ ಮೇಲೆ ಆರೇಳು ನಿಮಿಷದ ಹಾಡಿಗೆ ಬೇಸ್‌ನಲ್ಲಿ ಹೊಸದಾಗಿ ಬರೆಯಬೇಕಾದ್ದು ಹೆಚ್ಚಿಲ್ಲ. ಕಟಾಫನ್ನು 32 ಬಾರ್‌ಗಳ ಉದ್ದಕ್ಕೆ ಕೈಯಲ್ಲೇ ಹಿಡಿದು ನಿಧಾನ ತೆರೆಯುತ್ತ ರೆಕಾರ್ಡ್ ಮಾಡಿ. ಕೈಯ ಸಣ್ಣ ಅಸಮತೆಯನ್ನು ಅಳಿಸಬೇಡಿ. ಡಿಕೇಗೂ ಒಂದೆರಡು ಕಡೆ ಹೀಗೇ ಮಾಡಿ, ಹಾಡಿನ ನಡುವೆ ಬೇಸ್ ಉದ್ದವಾಗುತ್ತ ಬಂದಾಗ ನೆಲವೇ ಮೆದುವಾದಂತೆ ಅನ್ನಿಸುತ್ತದೆ. ಬ್ರೇಕ್‌ನಲ್ಲಿ ಕಿಕ್ ತೆಗೆದಾಗ ಬೇಸನ್ನೂ ತೆಗೆಯಿರಿ, ಮೇಲಿನ ಸ್ಯಾಚುರೇಟೆಡ್ ಪ್ರತಿ ಮಾತ್ರ ಉಳಿಯಲಿ. ಮರಳಿ ಬರುವಾಗ ಕಿಕ್ ಮೊದಲು, ಬೇಸ್ ಒಂದು ಬಾರ್ ತಡವಾಗಿ. ಆರಂಭದ ಮತ್ತು ಕೊನೆಯ 32 ಬಾರ್‌ಗಳಲ್ಲಿ ಬೇಸ್ ಇಲ್ಲದಿದ್ದರೆ ಡಿಜೆಗೆ ನಿಮ್ಮ ಹಾಡನ್ನು ಇನ್ನೊಂದರ ಬೇಸ್ ಮೇಲೆ ಕೂರಿಸಲು ಜಾಗ ಸಿಗುತ್ತದೆ.